ಮಾವ ಹೇಳುವ ಆ ಜಿದ್ದಿನ ಕಾಲ: ಎಷ್ಟು ನಿಜ, ಎಷ್ಟು ಹಳಹಳಿಕೆ?

ಪ್ರಶ್ನೆ: ನನಗೆ 22 ವರ್ಷ, ಊರು ಮೈಸೂರು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ನೋಡುವ ಹುಚ್ಚು. ನಮ್ಮ ಸೋದರಮಾವ ಕಾಲೇಜು ತಂಡದಲ್ಲಿ ಆಡಿದವರು. ನಾನು ಬೆಳಗ್ಗೆ ಪಂದ್ಯ ಹಾಕಿಕೊಂಡು ಕೂತರೆ ಸಾಕು, ಬಂದು ಶುರುಮಾಡುತ್ತಾರೆ: "ಇದೂ ಒಂದು ಜಿದ್ದೇನೋ? ಆಟ ಮುಗಿದ ತಕ್ಷಣ ತಬ್ಬಿಕೊಳ್ತಾರೆ, ಜೆರ್ಸಿ ಬದಲಾಯಿಸಿಕೊಳ್ತಾರೆ. ಲೇಕರ್ಸ್–ಸೆಲ್ಟಿಕ್ಸ್ ಕಾಲ ನೋಡಬೇಕಿತ್ತು ನೀನು." ಆ ಕಾಲ ನಿಜವಾಗಿಯೂ ಅಷ್ಟು ಚೆನ್ನಾಗಿತ್ತಾ? ಈಗ ಯಾಕೆ ಅಂಥ ಜಿದ್ದು ಕಾಣುವುದಿಲ್ಲ? ಮಾವನ ಬಾಯಿ ಮುಚ್ಚಿಸಲು ಏನಾದರೂ ಇದ್ದರೆ ಹೇಳಿ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಮಾವನ ಪಕ್ಷದವನು. ವಯಸ್ಸೂ ಹೆಚ್ಚುಕಮ್ಮಿ ಅದೇ ಇರಬೇಕು. ಇಪ್ಪತ್ತೈದು ವರ್ಷ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಟ್ಟಿದ್ದೇನೆ. ಅಷ್ಟೂ ವರ್ಷ "ಆಗೆಲ್ಲ ಹೇಗಿತ್ತು ಗೊತ್ತಾ" ಅಂತ ಹುಡುಗರ ತಲೆ ತಿಂದಿದ್ದೇನೆ.

ಆದರೆ ಒಂದು ಗುಟ್ಟಿದೆ. ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಮತ್ತು ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ ಎದುರುಬದುರಾದ ಒಂದೇ ಒಂದು ಪಂದ್ಯವನ್ನೂ ನಾನು ನೇರಪ್ರಸಾರದಲ್ಲಿ ನೋಡಿಲ್ಲ. 1984ರಲ್ಲಿ ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ. ಆಮೇಲೆ ಅಮೆರಿಕದಿಂದ ಬಂದ ನೆಂಟರೊಬ್ಬರು ವಿಡಿಯೊ ಕ್ಯಾಸೆಟ್ ತಂದುಕೊಟ್ಟರು. ಅಲ್ಲಿನ ಕ್ಯಾಸೆಟ್ ನಮ್ಮ ವಿಸಿಆರ್‌ಗೆ ಹೊಂದುತ್ತಿರಲಿಲ್ಲ. ಬಣ್ಣ ಹೋಗಿ ಕಪ್ಪು-ಬಿಳುಪು ಚಿತ್ರ ಬರುತ್ತಿತ್ತು, ಅದೂ ಉರುಳುತ್ತಾ. ಸೆಲ್ಟಿಕ್ಸ್‌ನ ಹಸಿರನ್ನು ಎಷ್ಟೋ ವರ್ಷ ನಾನು ಬೂದು ಬಣ್ಣದಲ್ಲೇ ಪ್ರೀತಿಸಿದೆ. ನಿಮ್ಮ ಮಾವನನ್ನೂ ಒಮ್ಮೆ ಮೆಲ್ಲಗೆ ಕೇಳಿ ನೋಡಿ, ಎಷ್ಟು ಪಂದ್ಯ ನೇರವಾಗಿ ನೋಡಿದ್ರಿ ಅಂತ. ಕಾಣದ ಕಾಲಕ್ಕೂ ಹಂಬಲಿಸುವುದು ನಮ್ಮ ತಲೆಮಾರಿನವರಿಗೆ ರೂಢಿಯಾಗಿಬಿಟ್ಟಿದೆ.

ಈಗ ಒಂದು ಲೆಕ್ಕ ಹೇಳುತ್ತೇನೆ. ಬರ್ಡ್ ಮತ್ತು ಮ್ಯಾಜಿಕ್ ಎನ್‌ಬಿಎಯಲ್ಲಿ ಎದುರಾದದ್ದು ಒಟ್ಟು 37 ಸಲ, ಅಷ್ಟೇ. 18 ಲೀಗ್ ಪಂದ್ಯ, 19 ಫೈನಲ್ಸ್ ಪಂದ್ಯ. (ಫೈನಲ್ಸ್ ಅಂದರೆ ಒಂದೇ ಪಂದ್ಯವಲ್ಲ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್ ಸಿಗುವ ಸರಣಿ.) ಬಾಸ್ಟನ್ ಸೆಲ್ಟಿಕ್ಸ್ ಪೂರ್ವ ವಿಭಾಗದ ತಂಡ, ಲಾಸ್ ಏಂಜಲೀಸ್ ಲೇಕರ್ಸ್ ಪಶ್ಚಿಮದ್ದು. ಸೀಸನ್‌ಗೆ 82 ಪಂದ್ಯ ಆಡಿದರೂ ಇವರಿಬ್ಬರ ಭೇಟಿ ಎರಡೇ ಸಲ. ಫೈನಲ್ಸ್‌ನಲ್ಲಿ ಮುಖಾಮುಖಿಯಾದದ್ದು ಮೂರೇ ವರ್ಷ: 1984, 1985, 1987. ಅಷ್ಟೇ ಅಲ್ಲ, ಕೋರ್ಟಿನಲ್ಲಿ ಅವರು ಒಬ್ಬರನ್ನೊಬ್ಬರು ಕಾಯುತ್ತಿದ್ದದ್ದೇ ಅಪರೂಪ. ಆಡುವ ಜಾಗವೇ ಬೇರೆ: ಬರ್ಡ್ ಫಾರ್ವರ್ಡ್, ಮ್ಯಾಜಿಕ್ ಗಾರ್ಡ್. ಬರ್ಡ್ ಬೆನ್ನಿಗೆ ಅಂಟಿಕೊಳ್ಳುತ್ತಿದ್ದವನು ಲೇಕರ್ಸ್‌ನ ಮೈಕಲ್ ಕೂಪರ್ ಎಂಬ ತೆಳ್ಳನೆಯ, ಉದ್ದ ಕೈಯ ಆಟಗಾರ. ಪೋಸ್ಟರ್‌ಗಳಲ್ಲಿ ಅವನ ಮುಖ ಇರುವುದೇ ಇಲ್ಲ, ಪಾಪ.

ಹಾಗಾದರೆ 37 ಪಂದ್ಯ ನಮ್ಮ ತಲೆಯಲ್ಲಿ ಮುನ್ನೂರೆಪ್ಪತ್ತಾದದ್ದು ಹೇಗೆ?

ಒಂದು ಕಾರಣ, ಕತೆ ಅವರಿಬ್ಬರು ಎನ್‌ಬಿಎಗೆ ಬರುವ ಮೊದಲೇ ಶುರುವಾಗಿತ್ತು. 1979ರ ಮಾರ್ಚ್ 26, ಸಾಲ್ಟ್ ಲೇಕ್ ಸಿಟಿಯಲ್ಲಿ ಅಮೆರಿಕದ ಕಾಲೇಜು ಫೈನಲ್. ಬರ್ಡ್‌ನ ಇಂಡಿಯಾನಾ ಸ್ಟೇಟ್ ಆ ವರ್ಷ 33 ಪಂದ್ಯ ಆಡಿ 33ನ್ನೂ ಗೆದ್ದು ಬಂದಿತ್ತು. ಮ್ಯಾಜಿಕ್‌ನ ಮಿಷಿಗನ್ ಸ್ಟೇಟ್ ಅದನ್ನು 75-64ರಲ್ಲಿ ಸೋಲಿಸಿತು. ಅಮೆರಿಕದಲ್ಲಿ ಅಷ್ಟು ದೊಡ್ಡ ಟಿವಿ ರೇಟಿಂಗ್ ಇನ್ಯಾವ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೂ ಬಂದಿಲ್ಲ. ಸೋತ ಬರ್ಡ್ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಮುಂದಿನ ಅಕ್ಟೋಬರ್ 12ರಂದು, ಒಂದೇ ದಿನ, ಇಬ್ಬರೂ ಎನ್‌ಬಿಎಯಲ್ಲಿ ಮೊದಲ ಪಂದ್ಯ ಆಡಿದರು. ಒಬ್ಬ ಬಾಸ್ಟನ್‌ಗೆ, ಒಬ್ಬ ಲೇಕರ್ಸ್‌ಗೆ. ಅಲ್ಲಿಂದಾಚೆ ಬೆಳಗ್ಗೆ ಪೇಪರ್ ತೆಗೆದರೆ ಮೊದಲು ನೋಡುತ್ತಿದ್ದದ್ದು ಇನ್ನೊಬ್ಬ ನಿನ್ನೆ ಎಷ್ಟು ಹೊಡೆದ ಅಂತ. ಇದನ್ನು ಇಬ್ಬರೂ ಮುಂದೆ ಒಪ್ಪಿಕೊಂಡಿದ್ದಾರೆ.

ಇನ್ನೊಂದು ಕಾರಣ, ಇದು ಮನೆತನದ ಜಗಳ. ಲೇಕರ್ಸ್ 1959ರಲ್ಲಿ, ಇನ್ನೂ ಮಿನಿಯಾಪೊಲಿಸ್‌ನಲ್ಲಿದ್ದಾಗಲೇ, ಸೆಲ್ಟಿಕ್ಸ್‌ಗೆ ಫೈನಲ್ಸ್ ಸೋತಿತ್ತು. ಲಾಸ್ ಏಂಜಲೀಸ್‌ಗೆ ಹೋದ ಮೇಲೆ 1962, 1963, 1965, 1966, 1968, 1969. ಒಟ್ಟು ಏಳು ಫೈನಲ್ಸ್, ಏಳೂ ಸೋಲು. 1969ರದ್ದಂತೂ ಹೊಟ್ಟೆ ಉರಿಸುವಂಥದ್ದು. ಕೊನೆಯ ಪಂದ್ಯ ತಮ್ಮ ಊರಿನಲ್ಲಿ, ಗೆದ್ದೇ ಗೆಲ್ಲುತ್ತೇವೆ ಅಂತ ಲೇಕರ್ಸ್ ಮಾಲೀಕರು ಚಾವಣಿಗೆ ಬಲೂನುಗಳನ್ನು ಕಟ್ಟಿಸಿಟ್ಟಿದ್ದರು. ಬಾಸ್ಟನ್ 108-106ರಲ್ಲಿ ಗೆದ್ದಿತು. ಬಲೂನು ಅಲ್ಲೇ ಉಳಿಯಿತು. ಜೆರ್ರಿ ವೆಸ್ಟ್ ಆ ದಿನ 42 ಪಾಯಿಂಟ್ ಹೊಡೆದು, ಸೋತ ತಂಡದಲ್ಲಿದ್ದೂ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ. ಅಂಥ ಪ್ರಶಸ್ತಿ ಇವತ್ತಿನವರೆಗೆ ಇನ್ನೊಬ್ಬರಿಗೆ ಬಂದಿಲ್ಲ. ಅದೇ ವೆಸ್ಟ್ 1984ರಲ್ಲಿ ಲೇಕರ್ಸ್‌ನ ಜನರಲ್ ಮ್ಯಾನೇಜರ್. ಹಳೆಯ ಸಾಲದ ಚೀಟಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ ಹಾಗೆ.

1984ರ ಫೈನಲ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮಾವನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಮೊದಲ ಪಂದ್ಯ ಬಾಸ್ಟನ್‌ನಲ್ಲೇ ಲೇಕರ್ಸ್ ಗೆದ್ದಿತು. ಎರಡನೆಯದೂ ಗೆದ್ದ ಹಾಗೆಯೇ. ಕೆಲವೇ ಸೆಕೆಂಡು ಉಳಿದಿದೆ, ಎರಡು ಪಾಯಿಂಟ್ ಮುಂದಿದ್ದಾರೆ, ಚೆಂಡೂ ಅವರದ್ದೇ. ಜೇಮ್ಸ್ ವರ್ದಿ ಒಂದು ನಿಧಾನದ ಪಾಸ್ ಎಸೆದ. ಬಾಸ್ಟನ್‌ನ ಜೆರಾಲ್ಡ್ ಹೆಂಡರ್ಸನ್ ನಡುವೆ ನುಗ್ಗಿ ಕಿತ್ತುಕೊಂಡು ಬುಟ್ಟಿಗೆ ಹಾಕಿದ. ಸ್ಕೋರು ಸಮ. ಹೆಚ್ಚುವರಿ ಸಮಯದಲ್ಲಿ, ಅಂದರೆ ಓವರ್‌ಟೈಮ್‌ನಲ್ಲಿ, ಬಾಸ್ಟನ್ ಗೆಲುವು. ಮೂರನೆಯದರಲ್ಲಿ ಲೇಕರ್ಸ್ 137-104ರಲ್ಲಿ ಬಾಸ್ಟನ್ನನ್ನು ಅಟ್ಟಾಡಿಸಿತು. ನಮ್ಮವರು ಹೆಣ್ಣಿಗರ ಹಾಗೆ ಆಡಿದರು ಅಂತ ಬರ್ಡ್ ಪತ್ರಕರ್ತರ ಮುಂದೆಯೇ ತನ್ನ ತಂಡವನ್ನು ಬೈದ. ಇವತ್ತು ಆ ಮಾತು ಆಡಿದ್ದರೆ ಮರುದಿನ ಕ್ಷಮೆ ಕೇಳಬೇಕಾಗುತ್ತಿತ್ತು. ಆದರೆ ಆ ಬೈಗುಳ ನಾಟಿತು. ನಾಲ್ಕನೇ ಪಂದ್ಯದಲ್ಲಿ ಲೇಕರ್ಸ್‌ನ ಕರ್ಟ್ ರಾಂಬಿಸ್ ಬುಟ್ಟಿಯ ಕಡೆಗೆ ಓಡಿಬರುತ್ತಿದ್ದಾಗ ಬಾಸ್ಟನ್‌ನ ಕೆವಿನ್ ಮೆಕ್‌ಹೇಲ್ ಅವನ ಕುತ್ತಿಗೆಗೆ ಕೈ ಅಡ್ಡಕೊಟ್ಟು ನೆಲಕ್ಕೆ ಕೆಡವಿದ. ಎರಡೂ ಬೆಂಚಿನವರು ಎದ್ದು ಬಂದರು. ಮೆಕ್‌ಹೇಲ್‌ನನ್ನು ಆಟದಿಂದ ಹೊರಗೂ ಹಾಕಲಿಲ್ಲ! ಓವರ್‌ಟೈಮ್‌ನಲ್ಲಿ ಮತ್ತೆ ಬಾಸ್ಟನ್, 129-125.

ಐದನೆಯದು ಬಾಸ್ಟನ್ ಗಾರ್ಡನ್‌ನಲ್ಲಿ. ಅದು ಹಳೇ ಕಾಲದ ಕಟ್ಟಡ, ಎಸಿ ಇರಲಿಲ್ಲ. ಜೂನ್ ತಿಂಗಳು, ಒಳಗೆ 97 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 36 ಡಿಗ್ರಿ. ರಾಯಚೂರಿನವರು ಇದನ್ನು ಕೇಳಿ ನಗಬಹುದು. ಆದರೆ ಸಾವಿರಾರು ಜನ ಒತ್ತಿ ಕೂತ ಕಟ್ಟಡದೊಳಗೆ, ಗಾಳಿಯಿಲ್ಲದೆ, ಪಂದ್ಯಪೂರ್ತಿ ಓಡುವುದು ಬೇರೆಯೇ ಮಾತು. ಲೇಕರ್ಸ್‌ನ 37 ವರ್ಷದ ಕರೀಂ ಅಬ್ದುಲ್-ಜಬ್ಬಾರ್ ಬೆಂಚಿನಲ್ಲಿ ಕೂತು ಮೂಗಿಗೆ ಆಮ್ಲಜನಕದ ಮಾಸ್ಕ್ ಹಿಡಿದುಕೊಂಡಿದ್ದ ಚಿತ್ರ ಇಂದಿಗೂ ಓಡಾಡುತ್ತದೆ. ಬರ್ಡ್ ಮಾತ್ರ ಇದು ತಂಪು ಸಂಜೆಯೇನೋ ಎಂಬಂತೆ 34 ಪಾಯಿಂಟ್, 17 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು) ತೆಗೆದ. ಏಳನೇ ಪಂದ್ಯ ಗೆದ್ದು ಬಾಸ್ಟನ್ ಚಾಂಪಿಯನ್ ಆಯಿತು. ಲೇಕರ್ಸ್‌ಗೆ ಎಂಟನೇ ಸೋಲು. ಕೊನೆಯ ಗಳಿಗೆಗಳಲ್ಲಿ ಎಡವಿದ ಮ್ಯಾಜಿಕ್‌ಗೆ 'ಟ್ರ್ಯಾಜಿಕ್ ಜಾನ್ಸನ್' ಅಂತ ಅಡ್ಡಹೆಸರು ಬಿತ್ತು.

ಮರುವರ್ಷ ಮತ್ತೆ ಅದೇ ಎರಡು ತಂಡ. ಮೊದಲ ಪಂದ್ಯವೇ 148-114, ಬಾಸ್ಟನ್‌ಗೆ. ಕರೀಂಗೆ ವಯಸ್ಸಾಯಿತು, ಕತೆ ಮುಗಿಯಿತು ಅಂತ ಎಲ್ಲರೂ ಬರೆದರು. ಎರಡನೇ ಪಂದ್ಯಕ್ಕೆ ಹೊರಡುವಾಗ ಆತ ತನ್ನ ಅಪ್ಪನನ್ನೂ ತಂಡದ ಬಸ್ಸಿನಲ್ಲಿ ಕೂರಿಸಿಕೊಳ್ಳಲು ಕೋಚ್ ಪ್ಯಾಟ್ ರೈಲಿಯ ಅನುಮತಿ ಕೇಳಿದ. ರೈಲಿ ಒಪ್ಪಿದರು. ಆ ರಾತ್ರಿ ಕರೀಂ 30 ಪಾಯಿಂಟ್, 17 ರೀಬೌಂಡ್. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಆರನೇ ಪಂದ್ಯದಲ್ಲಿ, ಬಾಸ್ಟನ್ ಗಾರ್ಡನ್‌ನಲ್ಲೇ, 111-100ರಲ್ಲಿ ಲೇಕರ್ಸ್ ಗೆದ್ದಿತು. 1959ರಿಂದ ಬಾಕಿ ಇದ್ದ ಸಾಲ ತೀರಿದ್ದು ಅವತ್ತು.

ಇಲ್ಲಿಗೆ ಮಾವ ಗೆದ್ದರು ಅಂತ ಇಟ್ಟುಕೊಳ್ಳೋಣ. ಈಗ ನಿಮ್ಮ ಪಾಳಿ.

"ತಬ್ಬಿಕೊಳ್ತಾರೆ" ಅಂತಾರಲ್ಲ, ಅವರಿಗೆ 1988ರ ಫೈನಲ್ಸ್‌ನ ಮೊದಲ ಪಂದ್ಯದ ಆರಂಭ ತೋರಿಸಿ. ಲೇಕರ್ಸ್‌ನ ಮ್ಯಾಜಿಕ್, ಡೆಟ್ರಾಯಿಟ್ ಪಿಸ್ಟನ್ಸ್‌ನ ನಾಯಕ ಐಸಾಯ ಥಾಮಸ್. ಚೆಂಡು ಎಸೆಯುವ ಮೊದಲು ಇಬ್ಬರೂ ಕೋರ್ಟಿನ ನಡುವೆ ಬಂದು ಒಬ್ಬರಿಗೊಬ್ಬರು ಕೆನ್ನೆಗೆ ಮುತ್ತು ಕೊಟ್ಟರು. ಸುಮ್ನೆ ತಬ್ಬಿಕೊಂಡದ್ದಲ್ಲ, ಮುತ್ತು! ಬರ್ಡ್–ಮ್ಯಾಜಿಕ್ ಕೂಡ ಅಷ್ಟೇ. 1985ರಲ್ಲಿ ಕಾನ್ವರ್ಸ್ ಶೂ ಜಾಹೀರಾತಿಗೆ ಮ್ಯಾಜಿಕ್ ಇಂಡಿಯಾನಾದ ಫ್ರೆಂಚ್ ಲಿಕ್ ಎಂಬ ಸಣ್ಣ ಊರಿಗೆ, ಬರ್ಡ್‌ನ ಮನೆಗೇ ಹೋದ. ಚಿತ್ರೀಕರಣದ ನಡುವೆ ಬರ್ಡ್‌ನ ತಾಯಿ ಮಧ್ಯಾಹ್ನದ ಊಟ ಹಾಕಿದರು. ಊಟ ಮುಗಿಯುವ ಹೊತ್ತಿಗೆ ಇಬ್ಬರೂ ಸ್ನೇಹಿತರು. 1993ರ ಫೆಬ್ರವರಿಯಲ್ಲಿ ಬಾಸ್ಟನ್ ಬರ್ಡ್‌ಗೆ ವಿದಾಯ ಸಮಾರಂಭ ಮಾಡಿದಾಗ ಮ್ಯಾಜಿಕ್ ಲೇಕರ್ಸ್ ಜಾಕೆಟ್ ತೊಟ್ಟು ಬಂದ. ಜಾಕೆಟ್ ತೆರೆದರೆ ಒಳಗೆ ಸೆಲ್ಟಿಕ್ಸ್ ಅಂಗಿ. ಆ ಗಾರ್ಡನ್‌ನಲ್ಲಿ ಅದಕ್ಕೆ ಎದ್ದ ಸದ್ದು ಕೇಳಿ ಒಮ್ಮೆ. ಹಾಗಾಗಿ, ಸ್ನೇಹ ಇದ್ದರೆ ಜಿದ್ದು ಸಾಯುತ್ತದೆ ಎಂಬ ಮಾವನ ವಾದ ನಿಲ್ಲುವುದಿಲ್ಲ.

ಜಿದ್ದಿಗೆ ಬೇಕಾದದ್ದು ಬೇರೆ. ಅದೇ ಮುಖಗಳು ಮತ್ತೆ ಮತ್ತೆ ಎದುರಾಗಬೇಕು. ಹೋದ ವರ್ಷ ನಿನ್ನನ್ನು ಕೆಡವಿದವನೇ ಈ ವರ್ಷವೂ ಅದೇ ಅಂಗಿಯಲ್ಲಿ ನಿಂತಿರಬೇಕು. ಎಂಬತ್ತರ ದಶಕದಲ್ಲಿ ಅದು ಹೇಗೆ ಆಯಿತು ಅನ್ನುವುದಕ್ಕೆ ಉತ್ತರ ಆಟಗಾರರ ಎದೆಗಿಂತ ಜಾಸ್ತಿ ಲೀಗಿನ ಕಾನೂನುಪುಸ್ತಕದಲ್ಲಿದೆ. ಇದನ್ನು ಅಭಿಮಾನಿಗಳು ಹೇಳುವುದೇ ಇಲ್ಲ. ಕತೆಗೆ ರುಚಿ ಕಮ್ಮಿ, ಅದಕ್ಕೇ ಇರಬೇಕು.

1979ರಲ್ಲಿ ಎನ್‌ಬಿಎಯಲ್ಲಿ ಇದ್ದದ್ದು 22 ತಂಡ. ಈಗ 30. ಆಗ ಒಪ್ಪಂದ ಮುಗಿದರೂ ಆಟಗಾರ ತನಗೆ ಬೇಕಾದ ಕಡೆ ಹೋಗುವ ಹಾಗಿರಲಿಲ್ಲ. ಬೇರೆ ತಂಡ ಕೊಡುವ ಮೊತ್ತವನ್ನೇ ಹಳೇ ತಂಡವೂ ಕೊಟ್ಟರೆ ಅಲ್ಲೇ ಉಳಿಯಬೇಕು. ಈ ಕಟ್ಟು ಸಡಿಲವಾದದ್ದು 1988ರಲ್ಲಿ. ಆಗ ಅನುಭವಿ ಆಟಗಾರರಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿ, ಟಾಮ್ ಚೇಂಬರ್ಸ್ ಮೊದಲಿಗನಾಗಿ ಸಿಯಾಟಲ್ ಬಿಟ್ಟು ಫೀನಿಕ್ಸ್‌ಗೆ ಹೋದ. ಇನ್ನು ಸಂಬಳಕ್ಕೆ ಮಿತಿ. 1984-85ರಲ್ಲಿ ಅದು ಬಂದಾಗ ಒಂದು ತಂಡಕ್ಕೆ 36 ಲಕ್ಷ ಡಾಲರ್. ಆದರೆ ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಆ ಮಿತಿ ಮೀರಬಹುದಿತ್ತು. ಆ ರಿಯಾಯಿತಿಗೆ ಹೆಸರೇ 'ಲ್ಯಾರಿ ಬರ್ಡ್ ನಿಯಮ'. ಹೀಗಾಗಿ ಬರ್ಡ್, ಮೆಕ್‌ಹೇಲ್, ರಾಬರ್ಟ್ ಪ್ಯಾರಿಷ್ 1980ರಿಂದ 1992ರವರೆಗೆ ಒಂದೇ ತಂಡದಲ್ಲಿ ಒಟ್ಟಿಗೆ ಆಡಿದರು. ಹನ್ನೆರಡು ಸೀಸನ್! ಮ್ಯಾಜಿಕ್, ಕರೀಂ, ಕೂಪರ್ ಹತ್ತು ಸೀಸನ್. ಒಂದೇ ಬೀದಿಯ ಎರಡು ಮನೆಯವರ ಹಾಗೆ. ಎಲ್ಲಿ ಹೋದರೂ ಮತ್ತೆ ಅವರದ್ದೇ ಮುಖ ನೋಡಬೇಕು.

ಇದರ ಫಲ ನೋಡಿ. 1980ರಿಂದ 1989ರವರೆಗಿನ ಹತ್ತು ಫೈನಲ್ಸ್‌ಗಳಲ್ಲಿ ಲೇಕರ್ಸ್ ಅಥವಾ ಸೆಲ್ಟಿಕ್ಸ್ ಇಲ್ಲದ ಒಂದು ವರ್ಷವೂ ಇಲ್ಲ. ಹತ್ತು ವರ್ಷದಲ್ಲಿ ಕಪ್ ಗೆದ್ದದ್ದು ನಾಲ್ಕೇ ತಂಡ: ಲೇಕರ್ಸ್ ಐದು ಸಲ, ಸೆಲ್ಟಿಕ್ಸ್ ಮೂರು, ಫಿಲಡೆಲ್ಫಿಯಾ ಮತ್ತು ಡೆಟ್ರಾಯಿಟ್ ಒಂದೊಂದು. ಬಾಸ್ಟನ್‌ನಲ್ಲೋ ಲಾಸ್ ಏಂಜಲೀಸ್‌ನಲ್ಲೋ ಹುಟ್ಟಿದವರಿಗೆ ಅದು ಬಂಗಾರದ ಕಾಲ, ಸರಿ. ಅದೇ ಹತ್ತು ವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ಟಿಕೆಟ್ ಕೊಂಡು ಕೂತವನನ್ನು ಯಾರಾದರೂ ಕೇಳಿದ್ದಾರಾ?

ನನ್ನ ಮಟ್ಟಿಗೆ ಆ ಕಾಲದ ನಿಜವಾದ ಸೊಗಸು ಲೇಕರ್ಸ್–ಸೆಲ್ಟಿಕ್ಸ್‌ಗಿಂತ ಅದರ ಹಿಂದೆ ಇದ್ದ ಸರದಿಯಲ್ಲಿದೆ. ಡೆಟ್ರಾಯಿಟ್ ಮೇಲೆ ಬರಬೇಕಾದರೆ ಬಾಸ್ಟನ್ನನ್ನು ದಾಟಬೇಕಿತ್ತು. 1985ರಲ್ಲಿ ಸೋತರು. 1987ರಲ್ಲಿ ಗೆಲುವು ಕೈಯಲ್ಲಿತ್ತು, ಐದನೇ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಥಾಮಸ್ ಹೊರಗಿನಿಂದ ಎಸೆದ ಚೆಂಡನ್ನು ಬರ್ಡ್ ಹಾರಿ ಕಿತ್ತುಕೊಂಡು ತನ್ನ ತಂಡದ ಡೆನಿಸ್ ಜಾನ್ಸನ್‌ಗೆ ಕೊಟ್ಟ. 108-107, ಬಾಸ್ಟನ್‌ಗೆ. ಆ ಒಂದು ಪಾಸ್ ಸರಣಿಯನ್ನೇ ತಿರುಗಿಸಿತು. 1988ರಲ್ಲಿ ಕಡೆಗೂ ಬಾಸ್ಟನ್ ಬಿತ್ತು. ಆದರೆ ಫೈನಲ್ಸ್‌ನಲ್ಲಿ ಲೇಕರ್ಸ್. ಆರನೇ ಪಂದ್ಯದಲ್ಲಿ ಥಾಮಸ್ ಕಾಲು ಉಳುಕಿಸಿಕೊಂಡು, ಕುಂಟುತ್ತಲೇ, ಒಂದು ಕ್ವಾರ್ಟರ್‌ನಲ್ಲಿ (ಪಂದ್ಯದ ಕಾಲು ಭಾಗ) 25 ಪಾಯಿಂಟ್ ಹೊಡೆದರೂ ಸೋಲು. 1989ರಲ್ಲಿ ಲೇಕರ್ಸ್ ಮೇಲೆ 4-0.

ಅಷ್ಟರಲ್ಲಿ ಡೆಟ್ರಾಯಿಟ್ ಬಾಗಿಲು ಬಡಿಯುತ್ತಿದ್ದದ್ದು ಶಿಕಾಗೋ ಬುಲ್ಸ್‌ನ ಮೈಕಲ್ ಜೋರ್ಡನ್. ಬಿಲ್ ಲೇಂಬಿಯರ್, ರಿಕ್ ಮಹೋರ್ನ್, ಡೆನಿಸ್ ರಾಡ್‌ಮನ್ ಇದ್ದ ಆ ತಂಡಕ್ಕೆ 'ಬ್ಯಾಡ್ ಬಾಯ್ಸ್' ಅಂತ ಹೆಸರು. ಜೋರ್ಡನ್ ಬುಟ್ಟಿಯ ಹತ್ತಿರ ಬಂದಾಗ ಅವನನ್ನು ಹೇಗೆ ತಡೆಯಬೇಕು, ಯಾವ ಕಡೆಯಿಂದ ಇಬ್ಬರು ಮುತ್ತಬೇಕು, ಯಾವಾಗ ನೆಲಕ್ಕೆ ಕೆಡವಬೇಕು ಅಂತ ಅವರು ಕಟ್ಟಿಕೊಂಡ ತಂತ್ರಕ್ಕೆ 'ಜೋರ್ಡನ್ ರೂಲ್ಸ್' ಎಂದೇ ಹೆಸರು ಬಂತು. 1988, 1989, 1990, ಮೂರು ವರ್ಷ ಸತತ ಶಿಕಾಗೋ ಸೋತಿತು. ಜೋರ್ಡನ್ ಭಾರ ಎತ್ತಿ ಮೈ ಬೆಳೆಸಿದ. 1991ರಲ್ಲಿ ಶಿಕಾಗೋಗೆ 4-0. ಕೊನೆಯ ಪಂದ್ಯದಲ್ಲಿ ಇನ್ನೂ ಏಳೆಂಟು ಸೆಕೆಂಡು ಬಾಕಿ ಇರುವಾಗಲೇ ಡೆಟ್ರಾಯಿಟ್‌ನ ಹಲವರು ಕೈ ಕುಲುಕದೆ, ಶಿಕಾಗೋ ಬೆಂಚಿನ ಮುಂದೆಯೇ ಹಾದು ಒಳಗೆ ನಡೆದುಬಿಟ್ಟರು. 2020ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರ ಸರಣಿಯಲ್ಲಿ ಆ ದೃಶ್ಯದ ಮಾತು ಬಂದಾಗ ಜೋರ್ಡನ್ ಮುಖ ನೋಡಬೇಕು. 29 ವರ್ಷವಾದರೂ ಸಿಟ್ಟು ಆರಿರಲಿಲ್ಲ. ತಮಾಷೆ ಏನೆಂದರೆ, 1988ರಲ್ಲಿ ಬಾಸ್ಟನ್‌ನವರು ನಮಗೂ ಹೀಗೇ ಮಾಡಿದ್ದರಲ್ಲ ಅನ್ನುವುದು ಥಾಮಸ್ ಸಮಜಾಯಿಷಿ. ಅದೂ ಸುಳ್ಳಲ್ಲ. ಆವತ್ತು ಮೆಕ್‌ಹೇಲ್ ನಿಂತು ಕೈ ಕೊಟ್ಟಿದ್ದ, ಉಳಿದ ಎಷ್ಟೋ ಜನ ಆಗಲೇ ಒಳಗೆ ಹೋಗಿದ್ದರು. ಪಟ್ಟದ ಜೊತೆ ಮುನಿಸೂ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿದ್ದ ಕಾಲ ಅದು.

ಇನ್ನು ನಾವು ಹಳಬರು ಮರೆತಂತೆ ಮಾಡುವ ಸಂಗತಿಗಳಿಗೆ ಬರುತ್ತೇನೆ.

ಮೊದಲನೆಯದು, ಆ ಕಾಲದಲ್ಲಿ ಅಮೆರಿಕದವರೇ ಎನ್‌ಬಿಎ ನೋಡುತ್ತಿರಲಿಲ್ಲ. 1980ರ ಫೈನಲ್ಸ್‌ನ ಆರನೇ ಪಂದ್ಯ ಕೇಳಿ. ಕರೀಂ ಕಾಲು ನೋವಿನಿಂದ ಆಡುತ್ತಿಲ್ಲ. 20 ವರ್ಷದ ಮ್ಯಾಜಿಕ್, ಗಾರ್ಡ್ ಆದವನು, ಕರೀಂನ ಸೆಂಟರ್ ಜಾಗದಲ್ಲಿ ನಿಂತು ಪಂದ್ಯ ಶುರುಮಾಡಿದ. 42 ಪಾಯಿಂಟ್, 15 ರೀಬೌಂಡ್, 7 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್). ಲೇಕರ್ಸ್ ಚಾಂಪಿಯನ್. ಇದನ್ನು ಸಿಬಿಎಸ್ ವಾಹಿನಿ ಅಮೆರಿಕದ ಬಹುಪಾಲು ಕಡೆ ನೇರವಾಗಿ ತೋರಿಸಲೇ ಇಲ್ಲ! ರಾತ್ರಿ ಹನ್ನೊಂದೂವರೆಗೆ ರೆಕಾರ್ಡಿಂಗ್ ಹಾಕಿತು. "ಆಗ ಎಲ್ಲರೂ ನೋಡ್ತಿದ್ರು" ಅನ್ನುವುದು ಆಮೇಲೆ ಸೇರಿಸಿಕೊಂಡ ನೆನಪು.

ಎರಡನೆಯದು ಹೊಡೆದಾಟ. ರಾಂಬಿಸ್ ಬಿದ್ದದ್ದನ್ನು ನಾವು ಚಪ್ಪರಿಸಿಕೊಂಡು ಹೇಳುತ್ತೇವೆ. ಆ ಹೊಡೆತ ಇನ್ನು ಸ್ವಲ್ಪ ಅತ್ತಿತ್ತ ಬಿದ್ದಿದ್ದರೆ ಒಬ್ಬನ ಬದುಕೇ ಮುಗಿಯುತ್ತಿತ್ತು. 1977ರ ಡಿಸೆಂಬರ್‌ನಲ್ಲಿ ಕರ್ಮಿಟ್ ವಾಷಿಂಗ್ಟನ್ ಎಂಬ ಲೇಕರ್ಸ್ ಆಟಗಾರನ ಒಂದು ಗುದ್ದಿಗೆ ಹ್ಯೂಸ್ಟನ್‌ನ ರೂಡಿ ಟಾಮ್‌ಜಾನೊವಿಚ್ ಮುಖದ ಮೂಳೆಗಳೇ ಮುರಿದು ಸಾವಿನ ಹತ್ತಿರ ಹೋಗಿ ಬಂದಿದ್ದ. ಒರಟು ಫೌಲ್‌ಗೆ ಕಠಿಣ ಶಿಕ್ಷೆ ಕೊಡುವ ಫ್ಲಾಗ್ರಂಟ್ ಫೌಲ್ ನಿಯಮ ಬಂದದ್ದು 1990ರಲ್ಲಿ. ನಾನು ಕೋಚ್. ಹದಿನಾಲ್ಕು ವರ್ಷದ ಹುಡುಗ ಗಾಳಿಯಲ್ಲಿರುವಾಗ ಯಾರಾದರೂ ಮೆಕ್‌ಹೇಲ್ ಹಾಗೆ ಕೈ ಅಡ್ಡಕೊಟ್ಟರೆ ಅವನನ್ನು ನಾನು ಆ ದಿನವೇ ಮನೆಗೆ ಕಳಿಸುತ್ತೇನೆ. ಟಿವಿಯಲ್ಲಿ ಮಾತ್ರ ಚಪ್ಪಾಳೆ. ನನ್ನ ಈ ಇಬ್ಬಂದಿತನ ನನಗೇ ಗೊತ್ತು.

ಮೂರನೆಯದು ಬಣ್ಣ. ಬರ್ಡ್ ಹಳ್ಳಿಯ ಬಿಳಿಯ, ಮ್ಯಾಜಿಕ್ ಮಿಷಿಗನ್‌ನ ಲ್ಯಾನ್ಸಿಂಗ್ ಊರಿನ ಕಪ್ಪು ಹುಡುಗ. ಆ ಜಿದ್ದು ಅಷ್ಟು ಮಾರಾಟವಾದದ್ದರಲ್ಲಿ ಇದರ ಪಾಲು ದೊಡ್ಡದು. 1987ರಲ್ಲಿ ಬಾಸ್ಟನ್‌ಗೆ ಸೋತ ಮೇಲೆ, ಬರ್ಡ್ ಬಿಳಿಯ ಆದ್ದರಿಂದ ಅವನನ್ನು ಹೆಚ್ಚು ಹೊಗಳುತ್ತಾರೆ ಎಂದು ರಾಡ್‌ಮನ್ ಹೇಳಿದ, ಥಾಮಸ್ ಹೌದೆಂದ. ದೊಡ್ಡ ಗದ್ದಲವೇ ಆಯಿತು. ಇಬ್ಬರು ಆಟಗಾರರು ಹೊರಲು ಬಯಸದ ಭಾರವನ್ನು ಅಭಿಮಾನಿಗಳು ಅವರ ಹೆಗಲಿಗೆ ಹಾಕಿದ್ದರು.

ಇನ್ನು ನಾನು ಕಣ್ಣಾರೆ ನೋಡಿದ ತೊಂಬತ್ತರ ದಶಕ. ಕೇಬಲ್ ಬಂದಿತ್ತು. ಅಲ್ಲಿ ರಾತ್ರಿ ಪಂದ್ಯ ಅಂದರೆ ನಮಗೆ ಬೆಳಗಿನ ಆರೂವರೆ, ಹಾಲಿನವನು ಬರುವ ಹೊತ್ತು. ನ್ಯೂಯಾರ್ಕ್ ನಿಕ್ಸ್ ಮತ್ತು ಮಯಾಮಿ ಹೀಟ್ 1997ರಿಂದ 2000ದವರೆಗೆ ನಾಲ್ಕು ವರ್ಷ ಸತತ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಸರಣಿಗಳಲ್ಲಿ, ಎದುರಾದವು. ನಾಲ್ಕೂ ಸರಣಿ ಕೊನೆಯ ಪಂದ್ಯದವರೆಗೆ ಎಳೆದವು. ಲೇಕರ್ಸ್‌ನ ಅದೇ ಪ್ಯಾಟ್ ರೈಲಿ ಈಗ ಮಯಾಮಿ ಕೋಚ್. ಅದಕ್ಕೂ ಮೊದಲು ನ್ಯೂಯಾರ್ಕ್‌ನಲ್ಲಿದ್ದವರು, ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿ ಎದ್ದು ಹೋಗಿದ್ದರು. ಜಿದ್ದಿಗೆ ಇನ್ನೇನು ಬೇಕು? 1998ರಲ್ಲಿ ಆಟಗಾರರು ಕೈ ಮಿಲಾಯಿಸಿದಾಗ ನ್ಯೂಯಾರ್ಕ್ ಕೋಚ್ ಜೆಫ್ ವ್ಯಾನ್ ಗಂಡಿ ಬಿಡಿಸಲು ಹೋಗಿ, ಕೋರ್ಟಿನಲ್ಲೇ ಬಿದ್ದು, ಮಯಾಮಿಯ ಬೆಟ್ಟದಂಥ ಅಲೊಂಜೊ ಮೋರ್ನಿಂಗ್‌ನ ಕಾಲು ಹಿಡಿದು ನೇತಾಡಿದರು. ನಾನು ಕಾಫಿ ಲೋಟ ಕೆಳಗಿಟ್ಟು ನಕ್ಕಿದ್ದು ನೆನಪಿದೆ.

ಆದರೆ ಆಟ? ಒಮ್ಮೆ ಪೂರ್ತಿ ಪಂದ್ಯ ಹಾಕಿ ನೋಡಿ. ತಳ್ಳಾಟ, ಎಳೆದಾಟ, ಚೆಂಡು ಹಿಡಿದು ನಿಲ್ಲುವುದು. 1999ರ ಸರಣಿಯ ಕೊನೆಯ ಪಂದ್ಯ 78-77. ನ್ಯೂಯಾರ್ಕ್‌ನ ಆಲನ್ ಹ್ಯೂಸ್ಟನ್ ಹೊಡೆದ ಕೊನೆಯ ಶಾಟ್ ರಿಂಗಿಗೆ ತಾಗಿ, ಬೋರ್ಡಿಗೆ ಬಡಿದು ಒಳಗೆ ಬಿದ್ದಿತು. ಆ ಒಂದು ಶಾಟ್ ಅದ್ಭುತ. ಅದಕ್ಕೆ ಮೊದಲಿನ ಎರಡು ಗಂಟೆ ಹಲ್ಲು ಕೀಳಿಸಿಕೊಂಡ ಹಾಗೆ. 1984-85ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 110 ಪಾಯಿಂಟ್ ಮೇಲೆ ಹೊಡೆಯುತ್ತಿತ್ತು. 1998-99ರಲ್ಲಿ ಅದು 92ಕ್ಕಿಂತ ಕೆಳಗೆ ಬಿದ್ದಿತು. ಲೀಗಿನವರೇ ಬೇಸತ್ತು 2001ರಲ್ಲಿ ರಕ್ಷಣೆಯ ನಿಯಮ ಬದಲಿಸಿದರು. 2004ರಲ್ಲಿ, ಚೆಂಡು ಹಿಡಿದವನ ಸೊಂಟಕ್ಕೆ ಕೈ ಇಟ್ಟು ತಡೆಯುವುದಕ್ಕೆ ಬಿಗಿಯಾದ ತಡೆ ಹಾಕಿದರು. ಇವತ್ತಿನ ಹುಡುಗರು ಅಷ್ಟು ಸಲೀಸಾಗಿ ಓಡುವುದು ಅದರಿಂದಲೇ.

ಈಗಿನ ಕಾಲದಲ್ಲಿ ಜಿದ್ದೇ ಇಲ್ಲವಾ? ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮತ್ತು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 2015ರಿಂದ 2018ರವರೆಗೆ ನಾಲ್ಕು ವರ್ಷ ಸತತವಾಗಿ ಫೈನಲ್ಸ್‌ನಲ್ಲಿ ಎದುರಾದವು. ಎನ್‌ಬಿಎ ಇತಿಹಾಸದಲ್ಲಿ ಅದಕ್ಕೆ ಮೊದಲು ಹಾಗೆ ಆಗಿರಲೇ ಇಲ್ಲ. ಲೇಕರ್ಸ್–ಸೆಲ್ಟಿಕ್ಸ್‌ಗೂ ಸಾಧ್ಯವಾಗಿರಲಿಲ್ಲ. 2016ರಲ್ಲಿ ವಾರಿಯರ್ಸ್ 73 ಪಂದ್ಯ ಗೆದ್ದು ಬಂದು, ಫೈನಲ್ಸ್‌ನಲ್ಲಿ 3-1 ಮುಂದಿದ್ದು, ಸೋತರು. ಮಾವನಿಗೆ ಇದನ್ನು ಹೇಳಿ. ಹೇಳಿದರೆ ಅವರು ಉತ್ತರ ಕೊಡುತ್ತಾರೆ, ಅದೂ ಸರಿಯಾದ ಉತ್ತರವೇ: "ಮುಂದಿನ ತಿಂಗಳು ಏನಾಯ್ತು ನೋಡು." ಕೆವಿನ್ ಡುರಾಂಟ್ ಅದೇ ವರ್ಷ ಒಕ್ಲಹೋಮ ಸಿಟಿ ತಂಡದಲ್ಲಿದ್ದು ವಾರಿಯರ್ಸ್ ಮೇಲೆ 3-1 ಮುಂದಿದ್ದು ಸೋತಿದ್ದ. ಜುಲೈನಲ್ಲಿ ತನ್ನನ್ನು ಸೋಲಿಸಿದ ಅದೇ ವಾರಿಯರ್ಸ್‌ಗೆ ಸೇರಿಬಿಟ್ಟ. ಡೆಟ್ರಾಯಿಟ್‌ಗೆ ಮೂರು ಸಲ ಸೋತ ಜೋರ್ಡನ್ ಡೆಟ್ರಾಯಿಟ್ ಅಂಗಿ ತೊಟ್ಟ ಹಾಗೆ. ಅಲ್ಲಿಂದ ಮುಂದಿನ ಎರಡು ಫೈನಲ್ಸ್ ಜಿದ್ದು ಕಳೆದುಕೊಂಡು ಸಪ್ಪೆಯಾದವು.

ಇದರಲ್ಲಿ ಡುರಾಂಟ್‌ನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೆಲಸ ಬದಲಿಸುವ ಹಕ್ಕು ನಿಮಗೂ ನನಗೂ ಇದೆ, ಅವನಿಗೆ ಯಾಕಿರಬಾರದು? ಎಂಬತ್ತರ ದಶಕದ ನಿಷ್ಠೆಯಲ್ಲಿ ಬೇರೆ ದಾರಿಯಿಲ್ಲದ್ದೂ ಸೇರಿತ್ತು. ತಂಡದವರೂ ಈಗ ಅಷ್ಟೇ ಸಲೀಸು. ಲೂಕಾ ಡಾನ್ಚಿಚ್ 2024ರ ಜೂನ್‌ನಲ್ಲಿ ಡಲ್ಲಾಸ್‌ಗಾಗಿ ಫೈನಲ್ಸ್ ಆಡಿದ. ಮುಂದಿನ ಫೆಬ್ರವರಿಗೆ ಡಲ್ಲಾಸ್ ಅವನನ್ನು ಲೇಕರ್ಸ್‌ಗೆ ಕೊಟ್ಟಿತ್ತು. ಅಭಿಮಾನಿ ಯಾರ ಮೇಲೆ ಹಲ್ಲು ಮಸೆಯಬೇಕು ಹೇಳಿ. 2019ರಿಂದ 2025ರವರೆಗೆ ಏಳು ವರ್ಷ, ಏಳು ಬೇರೆ ಬೇರೆ ಚಾಂಪಿಯನ್: ಟೊರಾಂಟೊ, ಲೇಕರ್ಸ್, ಮಿಲ್ವಾಕಿ, ವಾರಿಯರ್ಸ್, ಡೆನ್ವರ್, ಬಾಸ್ಟನ್, ಒಕ್ಲಹೋಮ ಸಿಟಿ. ಲೀಗ್ ಬೇಕೆಂದೇ ಇದನ್ನು ಮಾಡಿದೆ. ಹೆಚ್ಚು ಖರ್ಚು ಮಾಡುವ ತಂಡಗಳಿಗೆ 2023ರ ಒಪ್ಪಂದದಲ್ಲಿ ಇನ್ನೂ ಬಿಗಿ ಕಟ್ಟು ಬಿತ್ತು. ಈಗ ಡೆನ್ವರ್‌ನ, ಮಿಲ್ವಾಕಿಯ ಮಕ್ಕಳಿಗೂ ಮೆರವಣಿಗೆ ಸಿಗುತ್ತದೆ. ಒಂದು ತಂಡವನ್ನು ಹತ್ತು ವರ್ಷ ದ್ವೇಷಿಸುವ ಸುಖ ಮಾತ್ರ ಸಿಗುವುದಿಲ್ಲ. ಎರಡೂ ಒಟ್ಟಿಗೆ ಬೇಕು ಅಂದರೆ ಆಗದು. ನನ್ನನ್ನು ಕೇಳಿದರೆ, ತಲೆ ಹೊಸ ವ್ಯವಸ್ಥೆ ಸರಿ ಅನ್ನುತ್ತದೆ, ಬೆಳಗಿನ ಕಾಫಿ ಹೊತ್ತಿಗೆ ಮನಸ್ಸು ಹಳೆಯದನ್ನೇ ಕೇಳುತ್ತದೆ.

ಮಾವನ ಬಾಯಿ ಮುಚ್ಚಿಸುವ ಬದಲು ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ಎರಡು ಪಂದ್ಯ ನೋಡಿ. ತುಣುಕುಗಳಲ್ಲ, ಪೂರ್ತಿ. ಒಂದು ಅವರ ಆಯ್ಕೆ, 1987ರ ಫೈನಲ್ಸ್‌ನ ನಾಲ್ಕನೇ ಪಂದ್ಯ, ಬಾಸ್ಟನ್ ಗಾರ್ಡನ್‌ನಲ್ಲಿ. ಲೇಕರ್ಸ್ 16 ಪಾಯಿಂಟ್ ಹಿಂದೆ ಬಿದ್ದು ಮೆಲ್ಲಗೆ ಮೇಲೆ ಬರುವುದನ್ನು ಗಮನಿಸಿ. ಕೊನೆಗೆ ಮ್ಯಾಜಿಕ್, ಮೆಕ್‌ಹೇಲ್ ಮತ್ತು ಪ್ಯಾರಿಷ್ ಎತ್ತಿದ ಕೈಗಳ ಮೇಲಿಂದ, ಕರೀಂ ಹೊಡೆಯುತ್ತಿದ್ದ ಸ್ಕೈಹುಕ್‌ನ (ಒಂದೇ ಕೈಯನ್ನು ತಲೆಯ ಮೇಲಿಂದ ಬಾಗಿಸಿ ಎಸೆಯುವ ಶಾಟ್) ಚಿಕ್ಕ ರೂಪವೊಂದನ್ನು ಹೊಡೆಯುತ್ತಾನೆ. ಲೇಕರ್ಸ್ 107-106 ಮುಂದೆ. ಅಲ್ಲಿಗೆ ಎದ್ದುಬಿಡಬೇಡಿ. ಇನ್ನೂ ಎರಡು ಸೆಕೆಂಡು ಇದೆ, ಬರ್ಡ್‌ಗೆ ಚೆಂಡು ಸಿಗುತ್ತದೆ, ಎದುರಿಗೆ ಯಾರೂ ಇಲ್ಲ. ಅದು ಬೀಳದೆ ಹೋದಾಗ ಮಾವನ ಮುಖ ನೋಡಿ. ಫಲಿತಾಂಶ ಗೊತ್ತಿದ್ದರೂ ಮುಂದಕ್ಕೆ ಬಾಗಿ ಕೂತಿರುತ್ತಾರೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಇನ್ನೊಂದು ನಿಮ್ಮ ಆಯ್ಕೆ, 2016ರ ಫೈನಲ್ಸ್‌ನ ಏಳನೇ ಪಂದ್ಯ. ಕೊನೆಯ ಐದು ನಿಮಿಷ ಬಂದಾಗ ಮಾವನ ಕೈಯಿಂದ ಫೋನ್ ಕಸಿದುಕೊಳ್ಳಿ. 89-89ರಲ್ಲಿ ನಿಂತುಬಿಟ್ಟ ಸ್ಕೋರು, ಅಂಗುಲ ಅಂಗುಲಕ್ಕೂ ಏದುಸಿರು, ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಹಿಂದಿನಿಂದ ಓಡಿಬಂದು ವಾರಿಯರ್ಸ್‌ನ ಇಗ್ವೊಡಾಲನ ಚೆಂಡನ್ನು ಬೋರ್ಡಿಗೆ ಅಂಟಿಸುವುದು, ಆಮೇಲೆ ಅವನದೇ ತಂಡದ ಕೈರಿ ಇರ್ವಿಂಗ್‌ನ ಆ ಮೂರು ಪಾಯಿಂಟ್. ಮುಗಿದ ಮೇಲೆ ಎರಡೂ ಕಡೆಯವರು ತಬ್ಬಿಕೊಳ್ಳುತ್ತಾರೆ. ಮಾವ ಆಗ ಏನೆನ್ನುತ್ತಾರೋ, ನನಗೂ ಒಂದು ಸಾಲು ಬರೆದು ತಿಳಿಸಿ.